ನಲವತ್ತೊಂದು ಮಂದಿಯ ಮೆಚ್ಚುಗೆ

ಊಟದ ಹೊತ್ತಿನಲ್ಲಿ ಪ್ಲೇಗಿನ ವಿಷಯ ಎತ್ತಬಾರದಿತ್ತು. ಎಡ್ಮಂಡ್ ಥ್ರಿಪ್‌ಗೆ ಇದು ತಡವಾಗಿ ಹೊಳೆಯಿತು. ಎರಡು ವಾರಗಳ ಹಿಂದೆ ಪ್ರವಾಸದ ಬಸ್ಸಿನ ತುಂಬ ಜನ ಸ್ಯಾಂಡ್‌ವಿಚ್ಚಿಗೆ ಬಾಯಿ ಹಾಕಿದ್ದಾಗ ಅವನು ಮೈಕು ಹಿಡಿದು, ಆರುನೂರು ವರ್ಷಗಳ ಹಿಂದೆ ಜನರ ಕಂಕುಳಲ್ಲಿ ಎದ್ದ ಗಡ್ಡೆಗಳ ಬಣ್ಣವನ್ನು ವರ್ಣಿಸಿದ್ದ. ಯಾರೂ ಏನೂ ಅನ್ನಲಿಲ್ಲ. ಸಂಜೆ ಇಳಿಯುವಾಗ ಒಬ್ಬೊಬ್ಬರೂ ಅವನ ಕೈಕುಲುಕಿ ಬಹಳ ಚೆನ್ನಾಗಿತ್ತು ಎಂದರು. ಬಾಗಿಲ ಬಳಿ ಇಟ್ಟಿದ್ದ ಬಿಸ್ಕತ್ತಿನ ಡಬ್ಬಿಯನ್ನು ಮರುದಿನ ತೆರೆದಾಗ, ಅವರು ಹಾಕಿದ್ದ ಅಭಿಪ್ರಾಯದ ಕಾರ್ಡುಗಳಲ್ಲಿ ಹದಿನಾಲ್ಕು ಆ ಗಡ್ಡೆಗಳ ಬಗ್ಗೆಯೇ ಇದ್ದವು.

ನಮ್ಮಲ್ಲಿ ಮುಖ ನೋಡಿ ದೂರುವ ಪದ್ಧತಿ ಇಲ್ಲ. ಸೂಪಿನಲ್ಲಿ ನೊಣ ಸಿಕ್ಕಿದರೂ ನಾವು ನೊಣವನ್ನು ಪಕ್ಕಕ್ಕಿಟ್ಟು, ಸೂಪು ಹೇಗಿದೆ ಎಂದು ಕೇಳಿದವರಿಗೆ ಚೆನ್ನಾಗಿದೆ ಎನ್ನುತ್ತೇವೆ. ಆಮೇಲೆ ಮನೆಗೆ ಹೋಗಿ ಪತ್ರ ಬರೆಯುತ್ತೇವೆ.

ಪ್ರವಾಸದ ಕಂಪನಿಯ ಮ್ಯಾನೇಜರ್ ಸ್ಟಾಟ್ ಥ್ರಿಪ್‌ನನ್ನು ಕರೆಸಿದ. ಶನಿವಾರ ನಿವೃತ್ತ ಅಂಚೆ ನೌಕರರ ಸಂಘದವರು ಹ್ಯಾಲ್‌ಬರಿಯ ಕೋಟೆ, ಕ್ಲೀವರ್ಟನ್ನಿನ ಹಳೆಯ ಕ್ರೈಸ್ತ ಮಠ ನೋಡಲು ಹೊರಡುತ್ತಾರೆ, ಒಟ್ಟು ನಲವತ್ತೊಂದು ಜನ ಎಂದ. "ಒಂದೇ ಒಂದು ಕಾರ್ಡಲ್ಲಿ ದೂರು ಬಂದ್ರೂ ಸೋಮವಾರ ಮೈಕು ಬೇರೆಯವರ ಕೈಗೆ ಹೋಗುತ್ತೆ, ಥ್ರಿಪ್. ಬೇಜಾರು ಮಾಡ್ಕೋಬೇಡಿ." ಬಸ್ಸಿನ ಕೀಲಿ ಕೊಡಲು ಬಂದಿದ್ದ ಡ್ರೈವರ್ ಕ್ಲೆಮ್ ಬಾಗಿಲಲ್ಲೇ ನಿಂತು ಇದನ್ನು ಕೇಳಿಸಿಕೊಂಡ.

ಥ್ರಿಪ್ ಬೇಜಾರು ಮಾಡಿಕೊಳ್ಳಲಿಲ್ಲ, ಭಯಪಟ್ಟ. ವುಲ್ವರ್‌ಹ್ಯಾಂಪ್ಟನ್ನಿನ ಶಾಲೆಯೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ಇತಿಹಾಸ ಕಲಿಸಿದವನು ಅವನು. ಮಕ್ಕಳು ಕೇಳುವುದನ್ನು ಮೊದಲು ನಿಲ್ಲಿಸಿದರು, ಶಾಲೆ ಆಮೇಲೆ ನಿಲ್ಲಿಸಿತು. ಹೆಂಡತಿ ವರ್ಷ ವರ್ಷಕ್ಕೆ ಮಾತು ಕಡಿಮೆ ಮಾಡುತ್ತ ಬಂದು, ಒಂದು ಮಂಗಳವಾರ ತಂಗಿಯ ಮನೆಗೆ ಹೋಗಿ ಪೂರ್ತಿ ನಿಲ್ಲಿಸಿಬಿಟ್ಟಳು. ಈಗ ಅವನ ಎರಡು ಕೋಣೆಯ ಮನೆಯಲ್ಲಿ ಸದ್ದು ಮಾಡುವುದು ಚಹಾದ ಕೆಟಲ್ ಒಂದೇ. ಹೀಗಿರುವಾಗ ಸಿಕ್ಕಿದ್ದು ಈ ಗೈಡ್ ಕೆಲಸ. ಎಂಟು ಗಂಟೆ ಕಾಲ ಎದ್ದುಹೋಗಲಾಗದ ಜನ, ಅವನ ಕೈಯಲ್ಲೊಂದು ಮೈಕು. ಇದು ಹೋದರೆ ತಾನು ಕೊನೆಯುಸಿರಿನವರೆಗೂ ಕೆಟಲ್ಲಿನ ಜೊತೆಯೇ ಮಾತಾಡಬೇಕು ಎಂಬುದು ಅವನಿಗೆ ಸ್ಪಷ್ಟವಾಗಿತ್ತು.

ಶನಿವಾರ ಬೆಳಿಗ್ಗೆ ಎಂಟಕ್ಕೆ ಹೊರಡುವ ಬಸ್ಸಿಗೆ ಸಂಘದವರು ಏಳೂಕಾಲಿಗೇ ಸಾಲುಗಟ್ಟಿದ್ದರು. ಸಾಲಿನ ಮುಂದಿದ್ದವಳು ಕಾರ್ಯದರ್ಶಿ ಮಿಸೆಸ್ ಪ್ಲಮ್ಲಿ. ವಯಸ್ಸು ಎಪ್ಪತ್ತೆಂಟು. ನಲವತ್ತು ವರ್ಷ ಟಪಾಲು ವಿಂಗಡಿಸುತ್ತ ಊರವರ ಪೋಸ್ಟ್‌ಕಾರ್ಡುಗಳನ್ನು ಓದಿ ಓದಿ, ಯಾರ ಮನೆಯ ವಿಷಯವಾದರೂ ತನ್ನ ಮನೆಯದೇ ಎಂದು ಭಾವಿಸುವ ಅಭ್ಯಾಸ ಆಕೆಗೆ ಅಂಟಿತ್ತು. ಡ್ರೈವರ್ ಕ್ಲೆಮ್‌ನ ಹಿಂದಿನ ಸೀಟು ಹಿಡಿದು ಕೂತಳು. ಅಲ್ಲಿಂದ ಎಲ್ಲವೂ ಕೇಳಿಸುತ್ತದೆ.

ಊರು ದಾಟುವ ಮೊದಲೇ ಬಸ್ಸಿನ ಹೀಟರ್ ತಾನಾಗಿ ಹತ್ತಿಕೊಂಡಿತು. ಕ್ಲೆಮ್ ಗುಂಡಿ ಒತ್ತಿದ, ತಿರುಗಿಸಿದ, ಗುದ್ದಿದ. ಜೂನ್ ತಿಂಗಳು, ಕಿಟಕಿಗಳೋ ತೆರೆಯುವಂಥವಲ್ಲ. ಹತ್ತು ಮೈಲಿಯೊಳಗೆ ನಲವತ್ತೊಂದು ಮುಖಗಳು ಬೇಯಿಸಿದ ಬೀಟ್‌ರೂಟಿನ ಹಾಗಾದವು. ತುಂಬ ಸೆಕೆಯಾಗುತ್ತಿದೆಯೇ ಎಂದು ಥ್ರಿಪ್ ಮೈಕಿನಲ್ಲಿ ಕೇಳಿದ.

"ಇಲ್ಲಪ್ಪ, ಹಿತವಾಗಿದೆ," ಎಂದಳು ಮಿಸೆಸ್ ಪ್ಲಮ್ಲಿ, ಸಂಘದ ನಿಯಮಾವಳಿಯ ಪುಸ್ತಕದಿಂದ ಗಾಳಿ ಹಾಕಿಕೊಳ್ಳುತ್ತ. ಹಿಂದಿನವರೆಲ್ಲ ತಲೆಯಾಡಿಸಿದರು. ಆಮೇಲೆ ಮೌನ.

ಥ್ರಿಪ್‌ಗೆ ಮೌನಗಳ ಪರಿಚಯ ಚೆನ್ನಾಗಿತ್ತು. ಅರ್ಥವಾಗದ ಮಕ್ಕಳ ಮೌನ, ಅರ್ಥವಾಗಿಬಿಟ್ಟ ಹೆಂಡತಿಯ ಮೌನ, ಎರಡನ್ನೂ ಬಲ್ಲವನು. ಇದು ಮೂರನೆಯ ಜಾತಿ: ಕಾರ್ಡು ಕೈಗೆ ಬರುವವರೆಗೆ ಕಾಯುವ ಮೌನ.

ಇಂದು ಸಂತೋಷದ ಇತಿಹಾಸವನ್ನು ಮಾತ್ರ ಹೇಳಬೇಕೆಂದು ಅವನು ತೀರ್ಮಾನಿಸಿಕೊಂಡು ಬಂದಿದ್ದ. ರಾತ್ರಿಯೆಲ್ಲ ಪುಸ್ತಕ ತಿರುವಿ ಹಾಕಿದರೂ ಅಂಥದ್ದು ಹೆಚ್ಚು ಸಿಕ್ಕಿರಲಿಲ್ಲ. ಬಸ್ಸು ಒಂದು ಹಳೆಯ ರಣರಂಗದ ಪಕ್ಕ ಹಾದಾಗ ಅವನು, ಈ ಬಯಲಿನಲ್ಲಿ ಒಂದು ಬೆಳಿಗ್ಗೆ ಹದಿನೆಂಟು ಸಾವಿರ ಜನ ಸೇರಿದ್ದರು ಎಂದ.

"ಆಮೇಲೇನಾಯ್ತು, ಮೇಷ್ಟ್ರೇ?" ಹಿಂದಿನ ಸೀಟಿನಿಂದ ಬೋಳುತಲೆಯ ಅಜ್ಜನೊಬ್ಬ ಕೇಳಿದ.

ಥ್ರಿಪ್ ಯೋಚಿಸಿದ. "ಸಂಜೆ ಹೊತ್ತಿಗೆ ಸ್ವಲ್ಪ ಕಡಿಮೆಯಾದ್ರು."

ಹ್ಯಾಲ್‌ಬರಿಗೆ ಆರು ಮೈಲಿ ಇದೆ ಎನ್ನುವಾಗ ಒಂದು ಸೇತುವೆ ಅಡ್ಡ ಬಂತು. ಅದರ ಕೆಳಗೆ ಹಾಯಲು ಬಸ್ಸು ಒಂದು ಗೇಣು ಹೆಚ್ಚು ಎತ್ತರವಿತ್ತು. ಕ್ಲೆಮ್ ಹಿಂದಕ್ಕೆ ತೆಗೆದು ಹೊಲಗಳ ನಡುವಿನ ಕಿರಿದಾರಿ ಹಿಡಿದ. ಅಲ್ಲಿ ಮುಂದೆ ಹುಲ್ಲಿನ ಹೊರೆ ಹೊತ್ತ ಟ್ರ್ಯಾಕ್ಟರ್ ಒಂದು, ಬಸುರಿ ಹಸುವಿನ ಹಾಗೆ ನಡೆದಿತ್ತು. ಮುಕ್ಕಾಲು ಗಂಟೆ ಅದರ ಬಾಲ ಹಿಡಿದು ಹೋದ ಮೇಲೆ, ಥ್ರಿಪ್ ಇಳಿದು ಓಡಿ ಟ್ರ್ಯಾಕ್ಟರಿನವನ ಪಕ್ಕಕ್ಕೆ ಬಂದು, ದಯವಿಟ್ಟು ದಾರಿ ಬಿಡುತ್ತೀರಾ ಎಂದು ಬೇಡಿಕೊಂಡ. ಅವನು ಖಂಡಿತ ಎಂದ. ಖಂಡಿತ ಎನ್ನುತ್ತಲೇ ಇನ್ನೊಂದು ಮೈಲಿ ಹೋದ.

ಥ್ರಿಪ್ ಏದುಸಿರು ಬಿಡುತ್ತ ಬಸ್ಸಿಗೆ ಮರಳಿದಾಗ ಕ್ಲೆಮ್ ಮತ್ತು ಮಿಸೆಸ್ ಪ್ಲಮ್ಲಿಯ ತಲೆಗಳು ಥಟ್ಟನೆ ದೂರ ಸರಿದವು. ಬಸ್ಸಿನ ತುಂಬ ಪಿಸುಮಾತು ಹಿಂದಿನ ಸಾಲಿನ ಕಡೆಗೆ ಹರಿಯುತ್ತಿತ್ತು. ಎಲ್ಲರೂ ಅವನನ್ನು ಸಾವಿನ ಮನೆಯಲ್ಲಿ ವಿಧವೆಯನ್ನು ನೋಡುವ ಹಾಗೆ ನೋಡಿದರು. ಆಯಿತು, ಇನ್ನು ಒಟ್ಟಾಗಿ ಬರೆಯುತ್ತಾರೆ ಎಂದುಕೊಂಡ ಥ್ರಿಪ್.

ಕೋಟೆಯ ಬಾಗಿಲಲ್ಲಿ ಹೂವಿನ ಕಮಾನು ಕಟ್ಟಿತ್ತು. ಯಾರದೋ ಮದುವೆಗೆ ಕೋಟೆಯನ್ನು ಪೂರ್ತಿ ಬಿಟ್ಟುಕೊಟ್ಟಿದ್ದರು. ಈ ದಿನ ಪ್ರವಾಸಿಗರಿಗೆ ಪ್ರವೇಶವಿಲ್ಲ ಎಂದ ಕಾವಲುಗಾರ ಬಹಳ ವಿನಯದಿಂದ. ಅಷ್ಟರಲ್ಲಿ ಮಳೆ ಶುರುವಾಯಿತು. ಥ್ರಿಪ್ ಜನರನ್ನು ಗೋಡೆಯ ಹೊರಗೆ ಸಾಲಾಗಿ ನಿಲ್ಲಿಸಿ, ಒಳಗೆ ಏನೇನಿದೆ ಎಂದು ಹೊರಗಿನಿಂದ ವರ್ಣಿಸತೊಡಗಿದ. ಮಳೆಯ ಸದ್ದನ್ನು ಮೀರಿಸಲು ಕೂಗಬೇಕಾಯಿತು. ನೆಲಮಾಳಿಗೆಯ ಸೆರೆಮನೆಯ ಭಾಗಕ್ಕೆ ಬಂದಾಗ ಒಳಗಿನ ವಾದ್ಯ ನಿಂತಿತು. ಕಾವಲುಗಾರ ಓಡಿ ಬಂದು, ಒಳಗೆ ವಧು ವರನಿಗೆ ಮದುವೆಯ ಮಾತು ಕೊಡುತ್ತಿದ್ದಾಳೆ, ಕೈಕೋಳದ ವಿಷಯ ಸ್ವಲ್ಪ ಮೆಲ್ಲಗೆ ಹೇಳಬಹುದೇ ಎಂದು ಕೇಳಿಕೊಂಡ.

"ಗೋಡೆ ಮಾತ್ರ ಬಹಳ ಚೆನ್ನಾಗಿದೆ," ಎಂದಳು ಮಿಸೆಸ್ ಪ್ಲಮ್ಲಿ. ಅವಳ ಟೋಪಿಯ ಅಂಚಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು.

ಟೀ ಅಂಗಡಿಯಲ್ಲಿ ನಲವತ್ತೊಂದು ಮಂದಿಗೆ ಬಿಸಿ ಮೀನಿನ ಊಟಕ್ಕೆ ಹೇಳಿಟ್ಟಿತ್ತು. ಅಂಗಡಿಯವಳು ಪುಸ್ತಕ ತೆರೆದು ನೋಡಿದಳು. ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಬರೆದುಕೊಂಡದ್ದು ಮುಂದಿನ ಶನಿವಾರಕ್ಕೆ. ಈಗ ಅವಳ ಬಳಿ ಇದ್ದದ್ದು ಹನ್ನೊಂದು ಸ್ಕೋನ್ ಬನ್ನುಗಳು. ಮಿಸೆಸ್ ಪ್ಲಮ್ಲಿ ಚಾಕು ತೆಗೆದುಕೊಂಡು, ಪಾರ್ಸೆಲ್ ವಿಂಗಡಿಸುವವಳ ಹಾಗೆ ಕರಾರುವಾಕ್ಕಾಗಿ ಒಂದೊಂದನ್ನೂ ನಾಲ್ಕು ಮಾಡಿದಳು. ಮೂರು ಚೂರು ಉಳಿದವು. ಸಾಕು, ಹೊಟ್ಟೆ ತುಂಬಿತು ಎಂದು ಎಲ್ಲರೂ ತಟ್ಟೆಯನ್ನು ಇನ್ನೊಬ್ಬರ ಕಡೆಗೆ ಸರಿಸಿದ್ದರಿಂದ ಆ ಮೂರು ಚೂರು ಅರ್ಧ ಗಂಟೆ ಮೇಜು ಸುತ್ತಿ, ಹೊರಟಲ್ಲಿಗೇ ಬಂದವು. ಒದ್ದೆ ಕೋಟುಗಳಿಂದ ಹಬೆ ಏಳುತ್ತಿತ್ತು.

ಥ್ರಿಪ್‌ಗೆ ತಡೆಯಲಾಗಲಿಲ್ಲ. ಎದ್ದು ನಿಂತ. "ನೋಡಿ, ನಿಮಗೆಲ್ಲ ಬೇಜಾರಾಗಿದ್ರೆ ಬೈದುಬಿಡಿ. ಒಬ್ಬರಾದ್ರೂ ಬೈರಿ. ನಾನೇನೂ ಅಂದ್ಕೊಳ್ಳಲ್ಲ."

ಯಾರೋ ಚಮಚ ಕೆಳಗಿಟ್ಟರು. ಮಿಸೆಸ್ ಪ್ಲಮ್ಲಿ ಅವನ ತೋಳು ತಟ್ಟಿ, "ಕೂತ್ಕೋ ಮರಿ, ಚಹಾ ಆರಿಹೋಗುತ್ತೆ," ಎಂದಳು. ಆ ದಯೆ ಅವನಿಗೆ ನೇಣಿಗೆ ಮುಂಚಿನ ಊಟದ ಹಾಗೆ ಕಂಡಿತು.

ಕ್ಲೀವರ್ಟನ್ ತಲುಪಿದಾಗ ಐದು ದಾಟಿತ್ತು. ಮಠ ನಾಲ್ಕೂವರೆಗೇ ಮುಚ್ಚಿತ್ತು. ಊರಿನಲ್ಲಿ ತೆರೆದಿದ್ದದ್ದು ಸಾರ್ವಜನಿಕ ಶೌಚಾಲಯ ಒಂದೇ. ಅದರ ಮುಂದೆ ನಲವತ್ತೊಂದು ಮಂದಿ ಶಿಸ್ತಾಗಿ ಸಾಲು ನಿಂತರು. ಸಾಲು ಕಂಡರೆ ನಮ್ಮವರಿಗೆ ಸುಮ್ಮನೆ ಹಾದುಹೋಗಲು ಆಗುವುದಿಲ್ಲ. ಸಂತೆಯಿಂದ ಮರಳುತ್ತಿದ್ದ ಊರಿನವರು ಒಬ್ಬೊಬ್ಬರಾಗಿ ಬಂದು ಹಿಂದೆ ನಿಂತುಕೊಂಡರು. ಚೀಲ ಹಿಡಿದ ಹೆಂಗಸೊಬ್ಬಳು ಇಪ್ಪತ್ತು ನಿಮಿಷ ಕಾದು, ಬಾಗಿಲು ಸಮೀಪಿಸಿದ ಮೇಲೆ, ಇದು ಏನಕ್ಕೆ ಎಂದು ಥ್ರಿಪ್‌ನನ್ನು ಕೇಳಿದಳು. ಅವನು ಹೇಳಿದ. ಇಷ್ಟು ಹೊತ್ತು ನಿಂತಾಗಿದೆ ಎಂದು ಅವಳೂ ಒಳಗೆ ಹೋಗಿ ಬಂದಳು. ಅವನು ಆ ದಿನ ಜನರಿಗೆ ತೋರಿಸಿದ ಏಕೈಕ ಕಟ್ಟಡ ಅದು.

ಮರಳುವ ದಾರಿಯಲ್ಲಿ ಕಾರ್ಡುಗಳನ್ನು ಹಂಚಿದ. ಹೀಟರ್ ಇನ್ನೂ ಉರಿಯುತ್ತಿತ್ತು. ಬಸ್ಸಿನ ತುಂಬ ಪೆನ್ನುಗಳ ಗೀರುಸದ್ದು. ತಲೆ ಬಗ್ಗಿಸಿ, ಎಡಗೈಯನ್ನು ಮರೆಯಾಗಿಟ್ಟುಕೊಂಡು, ಪಕ್ಕದವರದನ್ನು ಕದ್ದು ನೋಡುತ್ತ ಬರೆಯುತ್ತಿದ್ದರು. ಇಪ್ಪತ್ತೊಂಬತ್ತು ವರ್ಷ ಪರೀಕ್ಷೆಯ ಕೋಣೆಯಲ್ಲಿ ಅಡ್ಡಾಡಿದವನಿಗೆ ಈ ದೃಶ್ಯ ಹೊಸದಲ್ಲ. ನಕಲು ನಡೆಯುತ್ತಿತ್ತು.

"ಮೇಷ್ಟ್ರೇ," ಬೋಳುತಲೆಯ ಅಜ್ಜ ಕೈಯೆತ್ತಿದ. "ಆ ಕೋಟೆಗೆ ಗೋಪುರ ಎಷ್ಟು?"

"ಏಳು," ಎಂದ ಥ್ರಿಪ್ ಸೋತ ದನಿಯಲ್ಲಿ. ಅಜ್ಜ ನೋಡಲು ಸಿಗದೆಹೋದದ್ದರ ಪಟ್ಟಿ ಮಾಡುತ್ತಿದ್ದಾನೆ ಎಂದು ಅವನಿಗೆ ಅರ್ಥವಾಯಿತು.

ಇನ್ನೊಬ್ಬಳು ಮಠದ ದೊಡ್ಡ ಕಿಟಕಿಯ ಗಾಜಿನ ಬಣ್ಣ ಕೇಳಿದಳು. ನೀಲಿ ಎಂದ. ಮತ್ತೊಬ್ಬ ಸುತ್ತುಮೆಟ್ಟಿಲುಗಳ ಲೆಕ್ಕ ಕೇಳಿದ. ತೊಂಬತ್ತಮೂರು. ಸಂತನ ಸಮಾಧಿ ಯಾವ ಮೂಲೆಯಲ್ಲಿದೆ, ರಾಜನ ಮಂಚಕ್ಕೆ ಕಾಲು ನಾಲ್ಕೋ ಆರೋ ಎಂದೆಲ್ಲ ಕೇಳಿದರು. ಅವನ ಬದುಕಿನಲ್ಲಿ ಯಾರೂ ಅವನನ್ನು ಇಷ್ಟು ಪ್ರಶ್ನೆ ಕೇಳಿರಲಿಲ್ಲ. ಪ್ರತಿಯೊಂದಕ್ಕೂ ಸರಿಯಾದ ಉತ್ತರವನ್ನೇ ಕೊಟ್ಟ. ತನ್ನ ಗೋರಿಯ ಅಳತೆಯನ್ನು ತಾನೇ ಹೇಳುತ್ತಿರುವ ಹಾಗೆ.

ಭಾನುವಾರವಿಡೀ ಮನೆಯಲ್ಲಿ ಕೂತ. ಕೆಟಲ್ಲನ್ನು ಐದು ಸಲ ಒಲೆಯ ಮೇಲಿಟ್ಟ.

ಸೋಮವಾರ ಸ್ಟಾಟ್‌ನ ಮೇಜಿನ ಮೇಲೆ ನಲವತ್ತೊಂದು ಕಾರ್ಡುಗಳು ಹರಡಿದ್ದವು. ಸ್ಟಾಟ್ ಕೂರಲು ಹೇಳಿದ. ಆಮೇಲೆ ಒಂದೊಂದೇ ಎತ್ತಿ ಓದತೊಡಗಿದ.

ಏಳು ಗೋಪುರಗಳನ್ನೂ ಹತ್ತಿಸಿ ತೋರಿಸಿದರು, ಐದಕ್ಕೆ ಐದು. ತೊಂಬತ್ತಮೂರು ಮೆಟ್ಟಿಲು ಹತ್ತಿದ್ದು ಆಯಾಸವೇ ಅನ್ನಿಸಲಿಲ್ಲ, ಐದಕ್ಕೆ ಐದು. ಮಠದ ಕಿಟಕಿಯ ನೀಲಿ ಬೆಳಕು ನಮ್ಮ ಮೇಲೆ ಬಿದ್ದಾಗ ಕಣ್ಣು ತುಂಬಿ ಬಂತು. ಬಿಸಿ ಮೀನು ಅಮೃತ. ಬಸ್ಸಿನೊಳಗೆ ತಂಪಾದ ಗಾಳಿ. ಇಂಥ ಗೈಡನ್ನು ಕಳೆದುಕೊಂಡರೆ ಕಂಪನಿಗೇ ನಷ್ಟ.

ಥ್ರಿಪ್‌ನ ಕಣ್ಣು ಮಂಜಾಯಿತು. ಅವನಿಗೆ ಎಲ್ಲವೂ ಒಮ್ಮೆಗೇ ಹೊಳೆಯಿತು: ಕ್ಲೆಮ್‌ನ ಬಾಯಿ, ಪಿಸುಮಾತು, ಆ ಪ್ರಶ್ನೆಗಳು. ಅವರು ಅವನನ್ನು ಉಳಿಸಿದ್ದರು. ನಲವತ್ತೊಂದು ಮುದುಕ ಮುದುಕಿಯರು, ಒದ್ದೆ ಬಟ್ಟೆಯಲ್ಲಿ, ಅರೆಹೊಟ್ಟೆಯಲ್ಲಿ.

"ಕೋಟೆಯಿಂದ ಶನಿವಾರವೇ ಫೋನ್ ಬಂದಿತ್ತು," ಎಂದ ಸ್ಟಾಟ್. "ಮದುವೆ ನಡೀತಿರೋವಾಗ ನಿಮ್ಮ ಗೈಡು ಗೋಡೆಯಾಚೆ ನಿಂತು ಸೆರೆಮನೆ, ಕೈಕೋಳ ಅಂತ ಕೂಗ್ತಿದ್ದ ಅಂತ. ಟೀ ಅಂಗಡಿಯವಳೂ ಕ್ಷಮೆ ಕೇಳೋಕೆ ಫೋನ್ ಮಾಡಿದ್ಲು." ಕಾರ್ಡುಗಳನ್ನು ಒಟ್ಟುಮಾಡಿ ಅಂಚು ಸರಿಪಡಿಸಿದ. "ಕೋಟೆಯೊಳಗೆ ಕಾಲಿಡದವರಿಗೆ ಮೆಟ್ಟಿಲಿನ ಲೆಕ್ಕ ಹೇಗೆ ಗೊತ್ತಾಗುತ್ತೆ? ಒಬ್ಬನಿಗೆ ಮಾತ್ರ ಗೊತ್ತಿರೋ ವಿಷಯ ಅದು. ಒಂದೊಂದನ್ನೂ ಬೇರೆ ಬೇರೆ ಅಕ್ಷರದಲ್ಲಿ ಬರೆದಿದೀರಲ್ಲ, ಆ ಶ್ರಮಕ್ಕೆ ಮೆಚ್ಚಬೇಕು."

ಥ್ರಿಪ್ ಗಾಬರಿಯಿಂದ, ಇದು ತಾನು ಬರೆದದ್ದಲ್ಲ, ಬೇಕಾದರೆ ಮಿಸೆಸ್ ಪ್ಲಮ್ಲಿಯನ್ನೇ ಕೇಳಿ ಎಂದ. ಸ್ಟಾಟ್ ಅಲ್ಲೇ ಫೋನ್ ಮಾಡಿದ. ಕಾರ್ಡು ನೀವೇ ಬರೆದಿರಾ ಎಂದು ಕೇಳಿದ. ಹೌದು ಎಂಬ ಗಟ್ಟಿ ದನಿ ಮೇಜಿನ ಈ ಕಡೆಗೂ ಕೇಳಿಸಿತು. ಕೋಟೆಯೊಳಗೆ ಹೋಗಿದ್ದಿರಾ ಎಂದು ಕೇಳಿದ. ಒಂದು ಕೋಣೆ ಬಿಡದೆ ನೋಡಿದೆವು ಎಂದಳಾಕೆ. ಮತ್ತೆ, ಯಾರೂ ಕೇಳದಿದ್ದರೂ, ಹೀಗೆ ಬರೆಯಿರಿ ಎಂದು ಥ್ರಿಪ್ ನಮಗೆ ಒಂದು ಮಾತೂ ಹೇಳಿಕೊಟ್ಟಿಲ್ಲ ಎಂದು ಸೇರಿಸಿದಳು.

ಸ್ಟಾಟ್ ರಿಸೀವರಿನ ಬಾಯಿ ಮುಚ್ಚಿಕೊಂಡ. ಮುಖ ಕಲ್ಲಾಗಿತ್ತು. "ಫೋರ್ಜರಿ ಅಂದ್ಕೊಂಡಿದ್ದೆ. ಇದು ಅದಕ್ಕಿಂತ ಕೆಟ್ಟದ್ದು. ಎಂಬತ್ತರ ಹತ್ತಿರದ ಹೆಂಗಸಿಗೆ ಸುಳ್ಳು ಕಲಿಸಿದೀರಿ. ಮೈಕು ಇಲ್ಲಿಟ್ಟು ಹೊರಡಿ." ಮತ್ತೆ ರಿಸೀವರಿಗೆ ಕಿವಿಗೊಟ್ಟು, "ನಿಮ್ಮ ಜೊತೆ ಮಾತಾಡ್ಬೇಕಂತೆ," ಎಂದು ರಿಸೀವರನ್ನು ಥ್ರಿಪ್‌ನತ್ತ ಚಾಚಿದ.

ಥ್ರಿಪ್ ಅದನ್ನು ಎರಡೂ ಕೈಯಿಂದ ಹಿಡಿದ. ಒಂದು ಮಾತು ಸಾಕಿತ್ತು. ನಿಜ ಹೇಳಿಬಿಡಿ, ಈಗಲೇ, ಈ ಮನುಷ್ಯನಿಗೆ. ಅಷ್ಟೇ.

"ನಿನಗೇನೂ ತೊಂದ್ರೆ ಆಗ್ಲಿಲ್ಲ ತಾನೇ, ಮರಿ?" ಮಿಸೆಸ್ ಪ್ಲಮ್ಲಿಯ ದನಿ ಸಣ್ಣದಾಗಿತ್ತು. "ನಾವೆಲ್ಲ ಎರಡು ದಿನದಿಂದ ಅದನ್ನೇ ಯೋಚಿಸ್ತಾ ಇದೀವಿ. ಯಾರಿಗೂ ಸರಿಯಾಗಿ ನಿದ್ದೆ ಇಲ್ಲ. ನಮ್ಮ ಕಾರ್ಡಿಂದ ಏನಾದ್ರೂ ಉಪಯೋಗ ಆಯ್ತಾ?"

ಥ್ರಿಪ್ ಸ್ಟಾಟ್‌ನ ಮುಖ ನೋಡಿದ. ಕಿಟಕಿಯಾಚೆ ಕ್ಲೆಮ್ ಬಸ್ಸಿನ ಗಾಜು ಒರೆಸುತ್ತಿದ್ದ. ಫೋನಿನ ಆ ಕಡೆ ಮುದುಕಿ ಉಸಿರು ಬಿಗಿಹಿಡಿದು ಕಾಯುತ್ತಿರುವುದು ಕೇಳಿಸುತ್ತಿತ್ತು.

"ಬಹಳ ಉಪಯೋಗ ಆಯ್ತು ಮಿಸೆಸ್ ಪ್ಲಮ್ಲಿ," ಎಂದ ಥ್ರಿಪ್. "ಎಲ್ಲಾ ಚೆನ್ನಾಗಿದೆ. ಥ್ಯಾಂಕ್ಸ್."