ಕೊಟ್ರೇಶನ ಬೆಸುಗೆ

ಡಾಕ್ಟರ ಭಾಷಣ ಮುಗಿಯುವ ತನಕ ಆ ರೇಡಿಯೋ ಬದುಕಿದ್ದಿದ್ದರೆ ಕೊಟ್ರೇಶ ಅವತ್ತು ಸೊರಬದ ಬಸ್ಸು ಹತ್ತುತ್ತಲೇ ಇರಲಿಲ್ಲ.

ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವನದು ರೇಡಿಯೋ ರಿಪೇರಿ ಅಂಗಡಿ, ಹಿಂದೆಯೇ ಮನೆ. ಮನೆಮನೆಗೆ ಟೀವಿ ಬಂದು ರೇಡಿಯೋಗಳು ಅಟ್ಟ ಸೇರುತ್ತಿದ್ದ ಕಾಲ ಅದು. ಕೆಲಸವಿಲ್ಲದಾಗ ಅವನು ಓಣಿಯವರ ತೂತುಬಿದ್ದ ಕೊಡ, ತಂಬಿಗೆಗಳಿಗೆ ಬೆಸುಗೆ ಹಾಕಿಕೊಡುತ್ತಿದ್ದ. ಅವನು ಮುಟ್ಟಿದ ರೇಡಿಯೋ ವಾರದಲ್ಲಿ ಮತ್ತೆ ಕೆಡುತ್ತಿತ್ತು, ಕೊಡ ಮಾತ್ರ ಮತ್ತೆ ಸೋರುತ್ತಿರಲಿಲ್ಲ. ಓಣಿಯಲ್ಲಿ ಅವನಿಗೆ ಇದ್ದಷ್ಟು ಮರ್ಯಾದೆ ಆ ಕೊಡಗಳಿಂದಲೇ ಬಂದದ್ದು.

ಅವನ ಹೆಂಡತಿ ನೀಲಾಂಬಿಕ ಬಾಣಂತನಕ್ಕೆಂದು ಸೊರಬದ ಕಡೆಯ ಕುಪ್ಪಗಡ್ಡೆಯ ತವರಿಗೆ ಹೋದವಳು ಇನ್ನೂ ಬಂದಿರಲಿಲ್ಲ. ಮಾವ ಪರಮಶಿವಪ್ಪನವರು ಮೊದಲು, ಮೂರು ತಿಂಗಳು ತುಂಬಲಿ ಎಂದರು. ತುಂಬಿತು. ಕೂಸಿನ ಕತ್ತು ನಿಲ್ಲಲಿ ಎಂದರು. ನಿಂತಿತು. ಆಮೇಲೆ ಆಷಾಢ ಎಂದರು, ಈಗ ಶ್ರಾವಣದ ಮಳೆ ಎನ್ನುತ್ತಿದ್ದರು. ಬಾಗಿಲ ಹಿಂದಿನ ಗೂಟದಲ್ಲಿ ನೀಲಾಂಬಿಕಳ ಹಳೇ ಸೀರೆಯೊಂದು ಹಾಗೇ ನೇತಾಡುತ್ತಿತ್ತು. ಅದನ್ನು ಮಡಚಿಡಲು ಕೊಟ್ರೇಶನಿಗೆ ಮನಸ್ಸೇ ಬಂದಿರಲಿಲ್ಲ. ಹೊತ್ತು ಮುಳುಗಿದರೆ ಸಾಕು, ಮನೆ ಬಾಯಿಬಿಟ್ಟು ತಿನ್ನಲು ಬಂದಂತಾಗುತ್ತಿತ್ತು. ಅವಳು ಹೊರಡುವ ದಿನ ಅವನು, ತೀರಿಹೋಗಿದ್ದ ತನ್ನ ತಾಯಿಯ ಹಿತ್ತಾಳೆ ತಂಬಿಗೆಗೆ ತಳದಲ್ಲಿ ಬೆಸುಗೆ ಹಾಕಿ, ಹುಣಿಸೆಹಣ್ಣಿನಲ್ಲಿ ಬೆಳಗಿ, "ನೀರು ಕುಡಿದಾಗೆಲ್ಲ ನನ್ನ ನೆನಪು ಮಾಡ್ಕ" ಎಂದು ಕೈಗಿಟ್ಟಿದ್ದ.

ಆ ಬೆಳಿಗ್ಗೆ ಯಾರದೋ ರೇಡಿಯೋ ಸರಿಮಾಡಿ ಹಚ್ಚಿದಾಗ ಡಾಕ್ಟರೊಬ್ಬರು ಕುಡಿಯುವ ನೀರಿನ ಬಗ್ಗೆ ಮಾತಾಡುತ್ತಿದ್ದರು. ಹಿತ್ತಾಳೆ ಪಾತ್ರೆಯ ಒಳಗೆ ಹಚ್ಚುವ ಕಲಾಯಿಯಲ್ಲಿ ಸೀಸ ಬೆರೆತಿದ್ದರೆ ಅದು ನೀರಿಗೆ ಇಳಿಯುತ್ತದೆ, ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೆ ತಿಳಿಯುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ, ಎಳೆಮಕ್ಕಳ ಬುದ್ಧಿಗೆ ಬಹಳ ಕೆಟ್ಟದ್ದು. "ಇನ್ನೊಂದು ಮುಖ್ಯವಾದ ವಿಷಯವೆಂದರೆ..." ಎನ್ನುವಷ್ಟರಲ್ಲಿ ರೇಡಿಯೋ ಕೊರ್ ಎಂದು ಸತ್ತುಹೋಯಿತು.

ಕೊಟ್ರೇಶನ ಕಣ್ಣಮುಂದೆ ಮಾವನ ಅಡುಗೆಮನೆಯ ಹಿತ್ತಾಳೆ ಪಾತ್ರೆಗಳ ಸಾಲು ಬಂದು ನಿಂತಿತು. ಮೊದಲು ಸಂತೋಷವಾಯಿತು, ಭಯ ಆಮೇಲೆ ಬಂತು. ಹಿಂದುಮುಂದಾದದ್ದಕ್ಕೆ ಅವನಿಗೇ ನಾಚಿಕೆಯಾಯಿತು. ಆದರೂ ಹೆಂಡತಿ ಕೂಸನ್ನು ಕರೆತರಲು ಇಷ್ಟು ದೊಡ್ಡ ಕಾರಣ ಕೈಗೆ ಸಿಕ್ಕಮೇಲೆ ಮಾವ ಹೇಗೆ ಇಲ್ಲವೆಂದಾರು?

ಬೆಸುಗೆಗೆ ಕೊಟ್ಟ ಕೊಡ ಒಯ್ಯಲು ಬಂದಿದ್ದ ಎದುರುಮನೆ ಅಕ್ಕನಾಗಮ್ಮನೂ ಎಲ್ಲ ಕೇಳಿಸಿಕೊಂಡಿದ್ದಳು. "ನಡಿಯೋ ಕೊಟ್ರ, ನಾನೂ ಬರ್ತೀನಿ. ನಿನಗೆ ಮಾವನ ಎದ್ರಿಗೆ ಬಾಯಿ ಬರಲ್ಲ. ಕೂಸಿನ ಮುಖಾನೂ ನೋಡಿದಂಗೆ ಆಗ್ತತಿ" ಎಂದು ಕೊಡ ಅಲ್ಲೇ ಇಟ್ಟು ಹೊರಟೇಬಿಟ್ಟಳು.

ಬಸ್ಸಿನಲ್ಲಿ ಅಕ್ಕನಾಗಮ್ಮ ಪಕ್ಕದವಳಿಗೆ ಹೇಳಿದ ಮಾತು ಶಿರಾಳಕೊಪ್ಪ ದಾಟುವ ಹೊತ್ತಿಗೆ ಹಿಂದಿನ ಸೀಟು ಮುಟ್ಟಿತ್ತು. ಇವರು ಕುಪ್ಪಗಡ್ಡೆಯಲ್ಲಿ ಇಳಿದು ಕೆಸರಿನಲ್ಲಿ ಚಪ್ಪಲಿ ಹುಡುಕಿಕೊಳ್ಳುವಷ್ಟರಲ್ಲಿ, ಅದೇ ಬಸ್ಸಿನಿಂದ ಇಳಿದ ಊರ ಹೆಂಗಸೊಬ್ಬಳು ಕಾಲುಹಾದಿ ಹಿಡಿದು, ಪರಮಶಿವಪ್ಪನವರ ಮನೆ ನೀರಿನಲ್ಲಿ ವಿಷ ಎಂದು ಸಾರಿಕೊಂಡು ಹೋಗಿದ್ದಳು. ಮಾವನ ಅಂಗಳದಲ್ಲಿ ಆಗಲೇ ಅರ್ಧ ಕೇರಿ ನೆರೆದಿತ್ತು. ಇಬ್ಬರು ಮುದುಕಿಯರು ಏನೆಂದು ವಿಚಾರಿಸದೆಯೇ ಕಣ್ಣೊರೆಸಿಕೊಳ್ಳುತ್ತಿದ್ದರು.

ನೀಲಾಂಬಿಕ ಕೂಸನ್ನು ಸೊಂಟಕ್ಕೇರಿಸಿಕೊಂಡು, ಲೋಟದಲ್ಲಿ ನೀರು ತಂದಳು. ಅವಳ ಮುಖ ಕಂಡು ಕೊಟ್ರೇಶ ಲೋಟದತ್ತ ಕೈಚಾಚಿದ. ಆದರೆ ಊರೆಲ್ಲ ನೋಡುತ್ತಿತ್ತು.

"ಬ್ಯಾಡ. ಪರೀಕ್ಷೆ ಆಗೋ ತನಕ ಈ ಮನೇಲಿ ಒಂದು ಹನಿ ನೀರೂ ಮುಟ್ಟಲ್ಲ" ಎಂದ. ಅವಳು ಲೋಟ ಹಿಡಿದು ಹಾಗೇ ಒಳಗೆ ಹೋದಳು.

ಸೀಸವಿರುವ ಕಲಾಯಿಯನ್ನು ಬಿಳಿ ಕಾಗದಕ್ಕೆ ಉಜ್ಜಿದರೆ ಪೆನ್ಸಿಲ್ ಗೀಚಿದಂತೆ ಗೆರೆ ಬೀಳುತ್ತದೆಂದು ಕೊಟ್ರೇಶ ಕಲಾಯಿಯವರಿಂದ ಕೇಳಿದ್ದ. ಅದನ್ನು ಜೋರಾಗಿ ವಿವರಿಸಿದ. ಪರಮಶಿವಪ್ಪನವರು ಜಗುಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಾ, "ನೋಡಿ ಅಳಿಯಂದ್ರೆ. ಒಂದನ್ನೂ ಬಿಡಬೇಡಿ" ಎಂದರು.

ಕೊಳಗ ಬಂತು. ಕಾಗದ ಬೆಳ್ಳಗೇ ಉಳಿಯಿತು. ತಪ್ಪಲೆ ಬಂತು, ಬೋಗುಣಿ ಬಂತು. ಬೆಳ್ಳಗೇ ಉಳಿಯಿತು. ಪಕ್ಕದವರೂ ತಮ್ಮ ಪಾತ್ರೆ ತಂದು ಸಾಲಾಗಿ ನಿಂತರು. ಉಜ್ಜಿ ಉಜ್ಜಿ ಅವನ ಬೆರಳು ಸವೆಯಿತೇ ಹೊರತು ಗೆರೆ ಮೂಡಲಿಲ್ಲ. ಒಂದೇ ಒಂದು ಗೆರೆ ಬೀಳಲಿ ಎಂದು ಮನಸ್ಸಿನಲ್ಲೇ ತನ್ನೂರಿನ ದೇವರು ಹುಚ್ಚರಾಯಸ್ವಾಮಿಗೆ ಹರಕೆ ಹೊತ್ತ.

"ನಮ್ಮ ಕಲಾಯಿ ನಾನೇ ಎದುರು ಕೂತು ಮಾಡಿಸಿದ್ದು" ಎಂದರು ಮಾವ. "ಬೆಳಿಗ್ಗೆ ಆ ಡಾಕ್ಟ್ರ ಭಾಷಣ ನಾನೂ ಕೇಳ್ದೆ. ಮದುವೇಲಿ ನೀವೇ ಕೊಟ್ಟ ರೇಡಿಯೋ. ಅದೊಂದು ಮಾತ್ರ ಚಲೋ ಹಾಡ್ತದೆ. ನೀವು ಪೂರ್ತಿ ಕೇಳಿದ್ರಾ?"

"ಅರ್ಧಕ್ಕೆ ನಿಂತುಹೋತು ಮಾವ."

"ಉಳಿದರ್ಧ ನಾ ಹೇಳ್ತೀನಿ ಕೇಳಿ. ಕಲಾಯಿಗಿಂತ ಮುಖ್ಯ ಬೆಸುಗೆಯಂತೆ. ಈ ರೇಡಿಯೋ ರಿಪೇರಿಯ ಬೆಸುಗೆ ತಂತಿ ಇರ್ತದಲ್ಲ, ಅದ್ರಲ್ಲಿ ಸೀಸ ಬಹಳ ಇರ್ತದಂತೆ. ಅದನ್ನ ನೀರಿನ ಪಾತ್ರೆಗೆ ಹಾಕಲೇಬಾರದಂತೆ."

ಅಕ್ಕನಾಗಮ್ಮನ ಬಾಯಿ ತಡೆಯಲಿಲ್ಲ. "ಅಯ್ಯ ಶಿವನೇ, ನಮ್ ಓಣಿ ಕೊಡಕ್ಕೆಲ್ಲ ಇವನೇ ಅಲ್ಲೇನು ಆ ತಂತಿ ಕರಗಿಸಿ ಹಾಕಿದ್ದು" ಎಂದುಬಿಟ್ಟಳು.

ಊರವರ ತಟ್ಟೆಯ ನೊಣ ಹುಡುಕಲು ಬಂದವನಿಗೆ ತನ್ನ ತಟ್ಟೆಯ ಹೆಗ್ಗಣ ಆಗ ಕಂಡಿತು. ಬಾಗಿಲಲ್ಲಿ ನೀಲಾಂಬಿಕ ಆ ಹಿತ್ತಾಳೆ ತಂಬಿಗೆ ಹಿಡಿದು ನಿಂತಿದ್ದಳು. ಪರಮಶಿವಪ್ಪನವರು ಅದರ ತಳಕ್ಕೆ ಕಾಗದ ಉಜ್ಜಿದರು. ಕಪ್ಪು ಗೆರೆ ದಪ್ಪಗೆ ಬಿತ್ತು.

ಕೊಟ್ರೇಶನಿಗೆ ಮಾವನೂ ಮರೆತುಹೋದರು, ಊರೂ ಮರೆತುಹೋಯಿತು. "ನೀಲಾ, ಕೂಸಿಗೆ ಇದ್ರಾಗೆ ನೀರು ಕುಡಿಸಿದ್ಯೇನು?" ಎಂದು ಕೇಳುತ್ತಾ ಬಾಗಿಲಿಗೆ ಧಾವಿಸಿದ.

"ಒಂದು ಹನಿನೂ ಹಾಕಿಲ್ಲ ರೀ" ಎಂದಳು ಅವಳು ತಲೆ ತಗ್ಗಿಸಿ. "ನೀರು ಹಾಕಿದ್ರೆ ನೀವು ಬೆಳಗಿದ ಹೊಳಪು ಹೋಗ್ತದೆ ಅಂತ. ದಿಂಬಿನ ಹತ್ರ ಇಟ್ಕಂಡು ಮಲಗ್ತಿದ್ದೆ."

ಕೊಟ್ರೇಶ ಜಗುಲಿಯ ಕಂಬ ಹಿಡಿದು ಕೂತ. ಇಷ್ಟು ತಿಂಗಳ ಕೊರಗು ತನ್ನೊಬ್ಬನದೇ ಎಂದುಕೊಂಡಿದ್ದ.

"ನಿಮ್ಮನೇಲಿ ಬೆಸುಗೆ ಹಾಕಿದ ಪಾತ್ರೆ ಎಷ್ಟಿವೆ?" ಎಂದರು ಮಾವ.

"ಬೆಸುಗೆ ಇಲ್ದಿರೋದು ಯಾವುದೈತಿ ಅಂತ ಕೇಳ್ರಿ" ಎಂದಳು ಅಕ್ಕನಾಗಮ್ಮ.

"ಹಂಗಾದ್ರೆ ಎಲ್ಲಾ ಬದಲಾಯಿಸಿ. ದೀಪಾವಳಿ ಕಳೀಲಿ. ನಾನೇ ಬಂದು ಉಜ್ಜಿ ನೋಡಿ, ಆಮೇಲೆ ಕಳಿಸ್ತೀನಿ" ಎಂದು ಪರಮಶಿವಪ್ಪನವರು ಎದ್ದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಮೊಮ್ಮಗಳು ಇನ್ನಷ್ಟು ದಿನ ಉಳಿದಳೆಂಬ ನೆಮ್ಮದಿಯಿತ್ತು.

ಹೊರಡುವಾಗ ಅತ್ತೆ ಸೆರಗಿನಲ್ಲಿ ಮೂಗೊರೆಸಿಕೊಂಡು ಪಡಸಾಲೆಯ ಮೂಲೆ ತೋರಿಸಿದರು. ಅಲ್ಲಿ ಟ್ರಂಕು, ತೊಟ್ಟಿಲು, ಹಗ್ಗ ಕಟ್ಟಿದ ಹಾಸಿಗೆಯ ಸುರುಳಿ ಇದ್ದವು. "ನಾಳೆ ದಿನ ಒಳ್ಳೇದಿತ್ತಪ್ಪ. ಅವರನ್ನ ಹೆಂಗೋ ಒಪ್ಪಿಸಿ ಗಂಟು ಕಟ್ಟಿಸಿದ್ದೆ. ನೀವೊಂದು ದಿನ ಮನೇಲಿ ಕೂತಿದ್ರೆ ನಾಳೆ ನಾವೇ ತಂದು ಬಿಡ್ತಿದ್ವಿ" ಎಂದರು.

ಬಸ್ಸಿನಲ್ಲಿ ಅಕ್ಕನಾಗಮ್ಮ ಅವನ ಸೀಟು ಬಿಟ್ಟು ದೂರ ಕೂತಳು. ಸಂಜೆ ಓಣಿಗೆ ಕಾಲಿಟ್ಟವಳು ಮೊದಲು ಮಾಡಿದ ಕೆಲಸ ಮನೆಮನೆ ಬಾಗಿಲು ತಟ್ಟಿದ್ದು. ದೀಪ ಹಚ್ಚುವ ಹೊತ್ತಿಗೆ ಅಂಗಡಿಯ ಮುಂದೆ ಕೊಡಗಳ ರಾಶಿ ಬಿದ್ದಿತ್ತು. ಕೊಡದ ಜೊತೆಗೆ ಬೈಗುಳವನ್ನೂ ಎಲ್ಲರೂ ಧಾರಾಳವಾಗಿ ಕೊಟ್ಟುಹೋದರು.

ಕೊಟ್ರೇಶನಿಗೆ ಬೆಳಿಗ್ಗೆಯಿಂದ ಗಂಟಲು ಒಣಗಿತ್ತು. ತನ್ನ ಕೊಡದ ಮುಚ್ಚಳ ತೆಗೆದ. ತಳದಲ್ಲಿ ಅವನದೇ ಬೆಸುಗೆ ಮಿನುಗುತ್ತಿತ್ತು. ಮುಚ್ಚಳ ಮುಚ್ಚಿ ಎದುರುಮನೆಗೆ ಹೋಗಿ, "ಒಂದು ಲೋಟ ನೀರು ಕೊಡ್ರಿ" ಎಂದ.

"ಯಾರ ಮನೇದು ಕುಡೀತೀಯೋ?" ಎಂದಳು ಅಕ್ಕನಾಗಮ್ಮ. "ಇಡೀ ಓಣೀಲಿ ಇದ್ದದ್ದೆಲ್ಲಾ ನಿನ್ನ ಕೊಡವೇ."

ಅವನು ಬಂದು ಹೊಸ್ತಿಲ ಮೇಲೆ ಕೂತ. ಗೂಟದ ಸೀರೆ ಗಾಳಿಗೆ ಅಲುಗಿತು. ನೀಲಾಂಬಿಕ ತಾನಾಗಿ ತಂದು ಹಿಡಿದಿದ್ದ ಆ ಒಂದು ಲೋಟ ನೀರು ಅವನಿಗೆ ನೆನಪಾಗುತ್ತಲೇ ಇತ್ತು.