ಅಜ್ಜಿಯ ಎಡಗಣ್ಣಿನ ರೆಪ್ಪೆ

ದೇವರು ಮನುಷ್ಯರಿಗೆ ಮೂಗು, ಹಲ್ಲು, ಕೆಮ್ಮು ಕೊಟ್ಟಿರುವುದೇ ನಾನು ಅಣಕಿಸಲೆಂದು ಎಂಬ ನಂಬಿಕೆಯಲ್ಲಿ ಬೆಳೆದವನು ನಾನು. ಶಿಕಾರಿಪುರ ಬಸ್ ಸ್ಟ್ಯಾಂಡಿನ ಕಂಡಕ್ಟರು ಸೀಟಿ ಊದುವ ಮುನ್ನ ಕೆನ್ನೆ ಉಬ್ಬಿಸುವುದನ್ನೂ ಬಿಟ್ಟಿಲ್ಲ. ಕನ್ನಡಿಯಲ್ಲಿ ನೋಡಿದರೆ ನನ್ನ ಮುಖವೇ ಯಾರೋ ಇನ್ಯಾರನ್ನೋ ಅಣಕಿಸಲು ಮಾಡಿಟ್ಟ ಹಾಗಿದೆ. ಆದರೆ ರೆಪ್ಪೆಗೂದಲಿನಲ್ಲಿ ಇಷ್ಟೊಂದು ಸರಕಿದೆಯೆಂದು ತಿಳಿದದ್ದು ಅಕ್ಕನಿಂದ.

ಅಕ್ಕ ಬ್ಯೂಟಿ ಪಾರ್ಲರಿನಲ್ಲಿ ಅಂಟಿಸಿಕೊಂಡಿದ್ದ ಉದ್ದನೆಯ ರೆಪ್ಪೆಗೂದಲು ಉದುರುವಾಗ ಸ್ವಂತದ್ದನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಡಾಕ್ಟರು ಚೀಟಿ ಬರೆದು ರೆಪ್ಪೆಗೂದಲು ಬೆಳೆಸುವ ಔಷಧಿಯ ಪುಟ್ಟ ಸೀಸೆಯೊಂದನ್ನು ಕೊಡಿಸಿದರು. ಮಲಗುವ ಮುಂಚೆ ಸಣ್ಣ ಬ್ರಶ್ಶಿನಿಂದ ಮೇಲಿನ ರೆಪ್ಪೆಯ ಅಂಚಿಗೆ ಮಾತ್ರ ಹಚ್ಚಬೇಕು. ಕೆನ್ನೆಗೆ ಸೋರಿದರೆ ಅಲ್ಲೂ ಕೂದಲು ಬಂದೀತು. ಅಕ್ಕ ಬಾಯಿ ತೆರೆದು, ಉಸಿರು ಬಿಗಿಹಿಡಿದು ಹಚ್ಚಿಕೊಳ್ಳುವುದನ್ನು ನಾನು ಊಟದ ಹೊತ್ತಿಗೆ ಮಾಡಿ ತೋರಿಸುತ್ತಿದ್ದೆ. "ನಿಂಗೆ ಮೀಸೆ ಬರ್ಲಿಲ್ಲ ಅಂತ ಹೊಟ್ಟೆಕಿಚ್ಚು ಕಣೋ" ಎನ್ನುತ್ತಿದ್ದಳು. ಅದೂ ಸುಳ್ಳಲ್ಲ.

ಅಷ್ಟರಲ್ಲಿ ಸೊರಬದಿಂದ ಅಜ್ಜಿ ಬಂದಳು. ಎಡಗಣ್ಣಿನಲ್ಲಿ ಒತ್ತಡ ಜಾಸ್ತಿಯೆಂದು ಆ ಕಣ್ಣಿಗಷ್ಟೇ ಡ್ರಾಪ್ಸ್ ಹಾಕಿಕೊಳ್ಳುತ್ತಿದ್ದಳು. ಸೀಸೆಯ ಮೇಲಿನ ಹೆಸರು ಓದಿದ ಅಕ್ಕ, "ಅಜ್ಜೀ, ನಾನು ರೆಪ್ಪೆಗೆ ಹಚ್ಚೋದೂ ಇದೇ ಔಷಧಿ" ಎಂದಳು. ಆಗ ಎಲ್ಲರೂ ನೋಡಿದೆವು. ಅಜ್ಜಿಯ ಎಡಗಣ್ಣಿನ ರೆಪ್ಪೆಗೂದಲು ಎಳೆಗರುವಿನದರಂತೆ ಕಪ್ಪಗೆ, ಉದ್ದಕ್ಕೆ ಬೆಳೆದಿದೆ. ಬಲಗಣ್ಣು ವಯಸ್ಸಿಗೆ ತಕ್ಕಂತೆ ಬೋಳಾಗಿದೆ. ಅಕ್ಕ ಹಂಬಲಿಸಿ ಕಾಯುತ್ತಿದ್ದದ್ದು ಅಜ್ಜಿಗೆ ಕೇಳದೆಯೇ ಬಂದಿತ್ತು. ನನಗೆ ಇನ್ನೇನು ಬೇಕು? ಎಡಕೆನ್ನೆ ತೋರಿಸಿದಾಗ ಮದುಮಗಳು, ಬಲಕೆನ್ನೆ ತೋರಿಸಿದಾಗ ಅತ್ತೆ. ಇಬ್ಬರಿಗೂ ಅಜ್ಜಿಯ ದನಿಯಲ್ಲೇ ಜಗಳ ಹಚ್ಚಿದೆ. ಎಲ್ಲರಿಗಿಂತ ಜೋರಾಗಿ ನಕ್ಕವಳು ಅಜ್ಜಿಯೇ.

ಅವಳು ಊರಿಗೆ ಹೋದ ಸ್ವಲ್ಪ ದಿನಕ್ಕೆ ಸೋದರಮಾವನ ಫೋನು. "ನಿನ್ನ ನಾಟಕ ನೋಡ್ಕೊಂಡು ಬಂದ್ಮೇಲೆ ಅಮ್ಮ ಡ್ರಾಪ್ಸೇ ಬಿಟ್ಟಿದಾಳೆ ಮಾರಾಯ. ಕಣ್ಣು ಹೋದ್ರೆ ಮತ್ತೆ ಬರಲ್ಲ ಅಂತಾರೆ ಡಾಕ್ಟ್ರು. ನೀನೇ ಬಂದು ಹೇಳು."

ಸೊರಬದ ಬಸ್ಸಿನಲ್ಲಿ ಯಾರನ್ನೂ ಅಣಕಿಸಲು ಮನಸ್ಸು ಬರಲಿಲ್ಲ. ಅಜ್ಜಿ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು.

"ಎಂತಕ್ಕೆ ಬಂದ್ಯೋ? ಮದುಮಗಳು ತವರಿಗೆ ಹೊಂಟಳು. ಇನ್ಮೇಲೆ ಅತ್ತೆ ಒಬ್ಳೇ."

"ತಪ್ಪಾಯ್ತಜ್ಜಿ. ಡ್ರಾಪ್ಸ್ ಹಾಕ್ಕೋ."

"ಹಾಕ್ಕೋತೀನಿ. ಮೊದ್ಲು ನಿನ್ನನ್ನ ಮಾಡಿ ತೋರ್ಸು."

ಎದ್ದು ನಿಂತೆ. ಕೆಮ್ಮಿದೆ, ಅದು ಮಾವನ ಕೆಮ್ಮಾಯಿತು. ನಕ್ಕೆ, ಅದು ಕಂಡಕ್ಟರ ನಗೆಯಾಯಿತು. ಊರನ್ನೆಲ್ಲ ಮಾಡುವ ನನಗೆ ನಾನೊಬ್ಬ ಮಾತ್ರ ಬರಲಿಲ್ಲ.

ಅಜ್ಜಿ ಮೊರವನ್ನು ಪಕ್ಕಕ್ಕಿಟ್ಟು ಎದ್ದಳು. ಕುತ್ತಿಗೆ ಮುಂದೆ ಚಾಚಿದಳು, ಇಲ್ಲದ ಮೀಸೆ ತೀಡಿದಳು, ಮಾತು ಶುರುವಾಗುವ ಮೊದಲೇ ತಾನೇ ನಕ್ಕು, ಮಿಕ್ಕವರು ನಕ್ಕರೋ ಇಲ್ಲವೋ ಎಂದು ಓರೆಗಣ್ಣಿನಲ್ಲಿ ನೋಡಿದಳು. ಬಾಗಿಲಲ್ಲಿದ್ದ ಮಾವ ನಕ್ಕು ನಕ್ಕು ಹೊಸ್ತಿಲ ಮೇಲೇ ಕೂತುಬಿಟ್ಟ. ನನ್ನ ವಿದ್ಯೆ ಎಲ್ಲಿಂದ ಬಂದದ್ದೆಂದು ಆಗ ಗೊತ್ತಾಯಿತು. ಆಮೇಲೆ ಅಜ್ಜಿ ತಲೆಯನ್ನು ಹಿಂದಕ್ಕೆ ವಾಲಿಸಿ, "ಹಾಕು. ಕೈ ನಡುಗಿಸ್ಬೇಡ" ಎಂದಳು.

ಈಗ ಡ್ರಾಪ್ಸ್ ತಪ್ಪುವುದಿಲ್ಲ. ನೆಂಟರ ಮನೆಗಳಲ್ಲೂ, ಬಂದಾಗಲೆಲ್ಲ ನಮ್ಮ ಬೀದಿಯಲ್ಲೂ ಅಜ್ಜಿ ನನ್ನನ್ನು ಮಾಡಿ ತೋರಿಸುತ್ತಾಳೆ, ಕೊನೆಗೆ ಎಡಗಣ್ಣಿನ ರೆಪ್ಪೆಯನ್ನು ಪಟಪಟ ಬಡಿದು ಕೂರುತ್ತಾಳೆ. ಹೇಗೋ ಕಷ್ಟಪಟ್ಟು ಕಲಿತು, ಮೊನ್ನೆ ಮನೆಯಲ್ಲಿ ನಾನೂ ನನ್ನನ್ನು ಮಾಡಿ ತೋರಿಸಿದೆ. ಪಕ್ಕದ ಮನೆಯವರು, "ಪರವಾಗಿಲ್ಲ ರೀ, ಆದ್ರೆ ನಿಮ್ಮಜ್ಜಿ ಮಾಡಿದಂಗೆ ಬರ್ಲಿಲ್ಲ" ಎಂದರು.

ಅಕ್ಕ ಬ್ರಶ್ಶು ಹಿಡಿದುಕೊಂಡೇ ಹೇಳಿದಳು: "ಅವನಿಗೆ ರೆಪ್ಪೆ ಸಾಲ್ದು."