ಒಂದೇ ಕಾಯಿ, ಮೂರು ಏಟು

ನನ್ನ ಕಾರಿನ ಬಣ್ಣ ಬಿಳಿ ಎಂಬುದು ನನಗೆ ಗೊತ್ತು, ನಂಬರೂ ಗೊತ್ತು. ಅದಕ್ಕಿಂತ ಹೆಚ್ಚು ಕೇಳಿದರೆ ತಬ್ಬಿಬ್ಬಾಗುತ್ತೇನೆ. ಕಾರಿಟ್ಟುಕೊಂಡವರು ದಿನಾ ಬೆಳಿಗ್ಗೆ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಾರಂತೆ. ನಾನು ಬಾಗಿಲು ತೆಗೆದು ಕೂರುತ್ತೇನೆ, ಸಂಜೆ ಬಂದು ಮನೆ ಮುಂದಿನ ತೆಂಗಿನ ಮರದ ನೆರಳಿಗೆ ನಿಲ್ಲಿಸಿ ಇಳಿಯುತ್ತೇನೆ. ಅದು ನೀರು ಕಾಣುವುದು ಆಯುಧಪೂಜೆಗೆ, ಅದೂ ಹೆಂಡತಿ ಕತ್ತಲಲ್ಲೇ ಎದ್ದು ತೊಳೆದರೆ. ಇಷ್ಟನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಮುಂದಿನ ಗೊಂದಲಕ್ಕೆಲ್ಲ ಇದೇ ಮೂಲ.

ಒಂದು ಭಾನುವಾರ ಎದ್ದು ನೋಡಿದರೆ ಮುಂದಿನ ಗಾಜು ಒಡೆದು ಒಳಕ್ಕೆ ಕುಸಿದಿತ್ತು. ಗಾಬರಿಯಲ್ಲಿ ಮೊದಲ ಸಲ ಕಾರಿನ ಸುತ್ತ ಬಂದೆ. ಟಾಪು ತಗ್ಗಾಗಿತ್ತು, ಬಾನೆಟ್ಟೂ ತಗ್ಗಾಗಿತ್ತು. ನಾನು ತೆಂಗಿನ ಸೀಮೆಯಾದ ಶೆಟ್ಟಿಕೆರೆ ಕಡೆಯವನು, ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ತಲೆ ಓಡಿತು. ತೆಂಗಿನಕಾಯಿ ಮೊದಲು ಟಾಪಿಗೆ ಬಿದ್ದಿದೆ, ಅಲ್ಲಿಂದ ಪುಟಿದು ಗಾಜಿಗೆ, ಗಾಜಿನಿಂದ ಬಾನೆಟ್ಟಿಗೆ. ಸ್ಕೇಲು ಹಿಡಿದು ಚಿತ್ರ ಬರೆದೆ, ಬಾಣದ ಗುರುತು ಹಾಕಿದೆ, ಇನ್ಶೂರೆನ್ಸ್ ಅರ್ಜಿಗೆ ಲಗತ್ತಿಸಿದೆ. ಚಿತ್ರ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಕಳಿಸುವ ಮುಂಚೆ ಅದರದ್ದೊಂದು ಫೋಟೋ ತೆಗೆದಿಟ್ಟುಕೊಂಡೆ.

ಕಂಪನಿಯಿಂದ ಪತ್ರ ಬಂತು. ಗಾಜಿನ ಏಟು ಹೊಸದು, ಉಳಿದೆರಡು ಹಳೆಯವು, ತುಕ್ಕು ಹಿಡಿದಿವೆ. ಎಲ್ಲ ಒಂದೇ ಸಲ ಆಯಿತೆಂಬ ತಮ್ಮ ಹೇಳಿಕೆ ಸತ್ಯಕ್ಕೆ ದೂರವಾದ್ದರಿಂದ ಇಡೀ ಅರ್ಜಿ ತಿರಸ್ಕೃತವಾಗಿದೆ. ಸತ್ಯಕ್ಕೆ ದೂರ ಅಂದರೆ ಸುಳ್ಳು ತಾನೇ? ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತ ಬಂದವನು ನಾನು. ಗಾಜು ಹಾಳಾಗಿ ಹೋಗಲಿ, ಈ ಮಾತು ಮಾತ್ರ ಹೊಟ್ಟೆ ಉರಿಸಿತು. ಒಂದು ಒತ್ತಿ, ಎರಡು ಒತ್ತಿ ಎನ್ನುವ ಫೋನಿನ ಜೊತೆ ವಾರಗಟ್ಟಲೆ ಗುದ್ದಾಡಿ, ಅವರ ಸರ್ವೇಯರನ್ನು ಮತ್ತೊಮ್ಮೆ ಕರೆಸಿದೆ.

ಆತ ತುಕ್ಕನ್ನು ಉಗುರಿನಿಂದ ಕೆರೆದು, ಬಹಳ ಮರ್ಯಾದೆಯಿಂದ ಕೇಳಿದರು, "ಸರ್, ಆ ಕಾಯಿ ಇದೆಯಾ?"

ಜಗಲಿಯಲ್ಲಿದ್ದ ಅವ್ವನ ಮುಖ ನೋಡಿದೆ.

"ಅಟ್ಟದಾಗೈತೆ ಕಣಪ್ಪ," ಎಂದಳು ಅವ್ವ.

ನಮ್ಮ ಕಡೆ ಬಿದ್ದ ಕಾಯಿಗೆಲ್ಲ ಅದೇ ದಾರಿ. ಒಳಗೇ ಒಣಗಿ ಕೊಬ್ಬರಿಯಾಗಲಿ ಎಂದು ವರ್ಷದ ಹತ್ತಿರ ಅಟ್ಟದ ಮೇಲೆ ಬಿಟ್ಟಿರುತ್ತೇವೆ. ಆ ರಾಶಿಯಲ್ಲಿ ನನ್ನ ಸಾಕ್ಷಿಯನ್ನು ಯಾವನು ಹುಡುಕುತ್ತಾನೆ?

"ಬಣ್ಣ ಮೆತ್ಕಂಡಿತ್ತಲ್ಲ, ಮೂಲೇಲಿ ಬೇರೆ ಇಟ್ಟಿವ್ನಿ. ತತ್ತೀನಿ ಇರು," ಎಂದು ಅವ್ವ ಏಣಿ ಹತ್ತಿದಳು.

"ಈಗ ನೋಡಿ ಸ್ವಾಮಿ," ಎಂದು ನಾನು ಎದೆಯುಬ್ಬಿಸಿ ನಿಂತೆ.

ಅವ್ವ ಸೆರಗಿನಲ್ಲಿ ಕಟ್ಟಿಕೊಂಡು ಇಳಿದು ಬಂದು ಬಿಚ್ಚಿದರೆ ಮೂರು ಕಾಯಿ. ಎರಡರ ಸಿಪ್ಪೆಗೆ ಬಿಳಿ ಬಣ್ಣ, ಇನ್ನೊಂದರ ನಾರಿನಲ್ಲಿ ಗಾಜಿನ ಚೂರು.

"ಇದು ಗಾಜಿಂದು. ಇದು ನಿನ್ ಹೆಂಡ್ತಿ ತವರಿಗೆ ಹೋಗಿದ್ಲಲ್ಲ, ಆಗ ಬಿದ್ದಿದ್ದು. ಇದು ಅದಕ್ಕೂ ಮುಂಚೆ, ಉಗಾದಿ ಹತ್ರ."

"ನಂಗ್ಯಾಕೆ ಹೇಳ್ಲಿಲ್ವವ್ವ?"

"ಕಾಯಿ ಬಿದ್ದಿದ್ನೂ ಹೇಳ್ತಾರೇನ್ಲಾ? ಕಾರು ನಿಂದು, ನೋಡ್ಕಂಡಿರ್ತೀಯ ಅನ್ಕಂಡೆ."

ಸರ್ವೇಯರು ಬಣ್ಣ ಮೆತ್ತಿದ ಕಾಯಿಗಳನ್ನು ಒಂದೊಂದಾಗಿ ಟಾಪಿನ ತಗ್ಗಿನಲ್ಲಿ, ಬಾನೆಟ್ಟಿನ ತಗ್ಗಿನಲ್ಲಿ ಇಟ್ಟರು. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತವು. ಆಮೇಲೆ ಫೈಲಿನಿಂದ ನನ್ನ ಚಿತ್ರ ತೆಗೆದು ಬಾಣಗಳನ್ನು ನೋಡಿದರು, ನನ್ನನ್ನು ನೋಡಿದರು. ನಗಲಿಲ್ಲ, ಪುಣ್ಯಾತ್ಮ. ನನಗಂತೂ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ಗಾಜಿನದು ಪಾಸ್ ಆಗುತ್ತೆ ಸರ್. ಆದ್ರೆ ಸುಳ್ಳು ಅನ್ನೋ ಮಾತು ತೆಗೆಸ್ಬೇಕಾದ್ರೆ ನಾನು ಕಾರಣ ಬರೀಬೇಕು."

"ಏನಾದ್ರೂ ಬರೀರಿ, ಅದೊಂದು ಮಾತು ಹೋಗ್ಲಿ," ಎಂದೆ.

ಅವ್ವ ಕೊಟ್ಟ ಎಳನೀರು ಕುಡಿಯುತ್ತ ಆತ ಬರೆದರು. ನಾನು ಓದದೆಯೇ, ದುಂಡಗೆ, ಬಿ.ಎಸ್ಸಿ., ಬಿ.ಎಡ್. ಸಮೇತ ಸಹಿ ಮಾಡಿದೆ. ಅವರು ಹೋದ ಮೇಲೆ ಹೆಂಡತಿ ನನ್ನ ಪ್ರತಿಯನ್ನು ಗಟ್ಟಿಯಾಗಿ ಓದಿದಳು: "ಮಾಲೀಕರು ಸುಳ್ಳು ಹೇಳಿಲ್ಲ. ಅವರು ತಮ್ಮ ಕಾರನ್ನು ಇದುವರೆಗೆ ನೋಡಿರಲಿಲ್ಲ."

ಗಾಜು ಹೊಸದಾಯಿತು. ನಾನು ಸತ್ಯವಂತನೆಂಬುದಕ್ಕೆ ಈಗ ಲಿಖಿತ ಪುರಾವೆಯೂ ಇದೆ. ಯಾರಿಗೂ ತೋರಿಸುವ ಹಾಗಿಲ್ಲ, ಅಷ್ಟೆ.